ಬನವಾಸಿಯ ಸೆಟ್ಟಿ, ಭೋಸರಿಯ ಆಪರೇಟರ್

ಪುಣೆಯ ಮಗ್ಗುಲಿನ ಭೋಸರಿಯ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ವಿದ್ಯುತ್ತಿನ ಹೊರೆ ಹಂಚಿಹೋಗಲೆಂದು ಒಂದೊಂದು ಕೈಗಾರಿಕಾ ಪ್ರದೇಶಕ್ಕೆ ಒಂದೊಂದು ದಿನ ಬಿಡುವು ಕೊಟ್ಟ ಕಾಲದಿಂದ ಹೀಗೇ ನಡೆದುಬಂದಿದೆ. ಜಗತ್ತಿಗೆಲ್ಲ ಭಾನುವಾರ ಬರುವ ಬಿಡುವು ಇಲ್ಲಿ ಮೂರು ದಿನ ಮೊದಲೇ ಬರುತ್ತದೆ. ಆ ದಿನ ಬೆಳಿಗ್ಗೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಬೀದಿಗಳಲ್ಲಿ ಶಟರ್‌ಗಳು ಇಳಿದಿರುತ್ತವೆ. ಲೇಥ್‌ಗಳ ಸದ್ದಿಲ್ಲದ ಆ ಹೊತ್ತಿಗೆ ಚಹಾ ಅಂಗಡಿಯ ಮುಂದಿನ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಮರಾಠಿ, ಹಿಂದಿ, ಭೋಜಪುರಿಗಳ ನಡುವೆ ತಟ್ಟನೆ ಒಂದು ದನಿ: "ಊರಿಗಿ ಯಾವಾಗ ಹೊಂಟಿ?" ಇಂಡಿ, ಸಿಂದಗಿ, ಆಳಂದ, ಅಫಜಲಪುರ, ಅಥಣಿ ಕಡೆಯ ಕನ್ನಡ ಅದು. ಊರು ಬಿಟ್ಟು ಇಪ್ಪತ್ತು ವರ್ಷವಾದರೂ ಧಾಟಿ ಬದಲಾಗಿಲ್ಲ.

ಅಂಥ ಒಂದು ಗುರುವಾರ ಇಂಡಿ ತಾಲ್ಲೂಕಿನ ಗೆಳೆಯರೊಬ್ಬರನ್ನು ಕರೆದುಕೊಂಡು ಕಾರ್ಲೆ ಗುಹೆಗೆ ಹೋದೆ. ಅವರು ಸಿಎನ್‌ಸಿ ಯಂತ್ರದ ಆಪರೇಟರ್. ಕಾಸರವಾಡಿಯಲ್ಲಿ ಲೋನಾವಳಾ ಲೋಕಲ್ ಹತ್ತಿ ಮಳವಲಿಯಲ್ಲಿ ಇಳಿದು, ಆಟೊದಲ್ಲಿ ಬೆಟ್ಟದ ಬುಡ ಸೇರಿ, ಮೆಟ್ಟಿಲು ಹತ್ತಿದೆವು. ಏಕವೀರಾ ದೇವಿಯ ಗುಡಿಗೆ ಅವರು ಹಿಂದೆಯೂ ಬಂದಿದ್ದರಂತೆ. ಪಕ್ಕದಲ್ಲೇ ಇರುವ ಗುಹೆಯೊಳಗೆ ಮಾತ್ರ ಕಾಲಿಟ್ಟಿರಲಿಲ್ಲ.

ಒಳಗೆ ಹೋದವರು ಒಂದು ಮಾತನ್ನೂ ಆಡಲಿಲ್ಲ. ಸುಮಾರು 124 ಅಡಿ ಉದ್ದ, 45 ಅಡಿ ಅಗಲ, ಹೆಚ್ಚುಕಡಿಮೆ ಅಷ್ಟೇ ಎತ್ತರದ ಚೈತ್ಯಗೃಹ ಅದು. ಬಂಡೆಯಲ್ಲಿ ಕೊರೆದ ಚೈತ್ಯಗಳಲ್ಲಿ ಭಾರತದಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಎರಡೂ ಕಡೆ ಕಂಬಗಳ ಸಾಲು. ಬುಡದಲ್ಲಿ ಕುಂಭ, ಮೇಲೆ ಮಂಡಿಯೂರಿದ ಆನೆಗಳು, ಆನೆಗಳ ಮೇಲೆ ಜೋಡಿಗಳು. ತಲೆಯೆತ್ತಿದರೆ ಚಾವಣಿಗೆ ಬಿಗಿದ ಮರದ ಕಮಾನುಗಳು. ಎರಡು ಸಾವಿರ ವರ್ಷದ ಹಿಂದೆ ಕೂಡಿಸಿದ ಮರ ಇನ್ನೂ ಅಲ್ಲೇ ನಿಂತಿದೆ. ಗೆಳೆಯರು ಒಂದು ಕಂಬದ ಹತ್ತಿರ ಹೋಗಿ, ಕಣ್ಣನ್ನು ಅದರ ಮೈಗೆ ಸಮಾಂತರವಾಗಿ ಹಿಡಿದು, ಬೆಳಕಿಗೆ ಎದುರಾಗಿ ನೋಡಿದರು. ಯಂತ್ರದಿಂದ ಹೊರಬಂದ ಜಾಬನ್ನು ಅವರು ದಿನವೂ ನೋಡುವ ರೀತಿ ಅದೇ. "ಫಿನಿಶಿಂಗ್ ನೋಡ್ರಿ" ಅಂದರು. "ಇದನ್ನ ಯಾರ ಮಾಡಿಸಿದ್ರು?"

ಹೊರಗಿನ ಮುಖಮಂಟಪದ ಎಡಗಡೆ ಗೋಡೆಯಲ್ಲಿ ಅದಕ್ಕೆ ಉತ್ತರವಿದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ತಿಗೊಳಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂದು ಅದು ಹೇಳುತ್ತದೆ. ವೈಜಯಂತಿ ಎಂದರೆ ಬನವಾಸಿ. ನಮ್ಮ ಶಿರಸಿಯ ಬಳಿಯ, ವರದಾ ನದಿಯ ದಂಡೆಯ ಬನವಾಸಿ.

"ಅಂದ್ರ ನಮ್ಮಾಂವನ?" ಎಂದು ಕೇಳಿದರು ಗೆಳೆಯರು. ಆ ಪ್ರಶ್ನೆಯ ಬೆನ್ನು ಹತ್ತಿದ್ದರಿಂದಲೇ ಈ ಬರಹ ಹುಟ್ಟಿತು.

ದಾರಿಯಿಂದ ಹುಟ್ಟಿದ ಊರು

ಪುಣೆಯ ಚರಿತ್ರೆಯನ್ನು ಸಾಮಾನ್ಯವಾಗಿ ಪೇಶ್ವೆಗಳ ಅರಮನೆ ಶನಿವಾರವಾಡದಿಂದ ಶುರುಮಾಡುತ್ತೇವೆ. ಆದರೆ ಈ ಸೀಮೆ ಜಗತ್ತಿಗೆ ಬೇಕಾದದ್ದು ಅದಕ್ಕಿಂತ ಎಷ್ಟೋ ಮೊದಲು, ಒಂದು ದಾರಿಯ ಕಾರಣದಿಂದ. ಕೊಂಕಣದ ಕಡಲ ದಂಡೆಯಲ್ಲಿ ಸೋಪಾರಾ, ಕಲ್ಯಾಣದಂಥ ಬಂದರುಗಳು. ಘಟ್ಟದ ಮೇಲೆ ಪೈಠಣ, ತೇರ್‌ನಂಥ ಪೇಟೆಗಳು. ನಡುವೆ ಸಹ್ಯಾದ್ರಿಯ ಗೋಡೆ. ಆ ಗೋಡೆಯಲ್ಲಿ ಇದ್ದ ಕೆಲವೇ ಬಾಗಿಲುಗಳು ನಾಣೆಘಾಟ್, ಬೋರಘಾಟ್‌ನಂಥ ಕಣಿವೆಗಳು. ರೋಮಿನ ಹಡಗುಗಳಿಗೆ ಹೋಗುವ ಹತ್ತಿ ಬಟ್ಟೆ ಇಳಿದದ್ದೂ ಅಲ್ಲಿಂದಿಳಿದ ಮದ್ಯ, ಗಾಜು ಏರಿದ್ದೂ ಈ ಬಾಗಿಲುಗಳಿಂದಲೇ. ನಾಣೆಘಾಟ್‌ನ ತುದಿಯಲ್ಲಿ ಸಾತವಾಹನರ ಶಾಸನವಿದೆ; ಸುಂಕ ಹಾಕುವ ಪಾತ್ರೆ ಎಂದು ಜನ ಹೇಳುವ ದೊಡ್ಡ ಕಲ್ಲಿನ ಬಾನಿಯೂ ಅಲ್ಲಿದೆ.

ಕಾರ್ಲೆ, ಭಾಜೆ, ಬೇಡಸೆ ಗುಹೆಗಳು ಈ ದಾರಿಯ ಪಕ್ಕದಲ್ಲೇ ಎದ್ದದ್ದು ಆಕಸ್ಮಿಕವಲ್ಲ. ಭಿಕ್ಷುಗಳಿಗೆ ಮಳೆಗಾಲದ ನೆಲೆ ಬೇಕಿತ್ತು. ವರ್ತಕರಿಗೆ ಕಾಡಿನ ದಾರಿಯಲ್ಲಿ ನಂಬಿಕೆಯ ತಾಣ ಬೇಕಿತ್ತು. ಕಾರ್ಲೆಯ ಹಲವು ಕಂಬಗಳಿಗೆ ಒಬ್ಬೊಬ್ಬ ದಾನಿ. ಅವರಲ್ಲಿ ಹಲವರು ತಮ್ಮನ್ನು ಯವನರೆಂದು ಕರೆದುಕೊಂಡಿದ್ದಾರೆ. ಹೊರಗಿನ ಸಿಂಹಸ್ತಂಭ ಒಬ್ಬ ಮಹಾರಠಿಯ ಕೊಡುಗೆ. ಒಂದು ಬಾಗಿಲು ಸುಗಂಧದ್ರವ್ಯ ಮಾರುವವನೊಬ್ಬ ಕೊಟ್ಟದ್ದು. ಇವರೆಲ್ಲರ ನಡುವೆ ಬನವಾಸಿಯಿಂದ ಬಂದ ಸೆಟ್ಟಿ. ಯಾವ ಒಬ್ಬ ಅರಸನೂ ಕಟ್ಟಿಸದ, ದಾರಿಹೋಕರೆಲ್ಲ ಸೇರಿ ಎತ್ತಿದ ಮನೆ ಅದು. ಪುಣೆ ಸೀಮೆಯ ಜಾಗತಿಕ ಮಹತ್ವದ ಮೊದಲ ದಾಖಲೆ ಹೊರಗಿನವರ ಹೆಸರುಗಳ ಒಂದು ಪಟ್ಟಿ. ಮುಂದಿನ ಎರಡು ಸಾವಿರ ವರ್ಷ ಆ ಪಟ್ಟಿ ಬೆಳೆಯುತ್ತಲೇ ಹೋಯಿತು, ಮತ್ತು ಪ್ರತಿ ಕಾಲದಲ್ಲೂ ಅದರಲ್ಲಿ ಕನ್ನಡ ನಾಡಿನಿಂದ ಬಂದವರು ಇದ್ದರು.

ಮಣ್ಣೆಯಲ್ಲಿ ಬರೆದ ಪುಣೆಯ ಹೆಸರು

ಪುಣೆ ಎಂಬ ಹೆಸರು ಮೊದಲು ಕಾಣಿಸುವುದು 8ನೇ ಶತಮಾನದ ರಾಷ್ಟ್ರಕೂಟ ತಾಮ್ರಪಟಗಳಲ್ಲಿ. 758ರ ಒಂದು ಪಟದಲ್ಲಿ 'ಪುಣ್ಯ ವಿಷಯ', 768ರ ಇನ್ನೊಂದರಲ್ಲಿ 'ಪುಣಕ ವಿಷಯ'. ವಿಷಯ ಎಂದರೆ ಈಗಿನ ಜಿಲ್ಲೆಯಂಥ ಒಂದು ಆಡಳಿತ ವಿಭಾಗ. ಎರಡನೆಯದು ಪುಣೆ ಜಿಲ್ಲೆಯ ತಳೇಗಾಂವ್‌ನಲ್ಲಿ ಸಿಕ್ಕ, ಒಂದನೆಯ ಕೃಷ್ಣನ ದಾನಪತ್ರ. ಅದರಲ್ಲಿ ಬರುವ ಹಳ್ಳಿಗಳನ್ನು ಇವತ್ತಿಗೂ ಗುರುತಿಸಬಹುದು: ಅರಲುವ ಈಗಿನ ಉರುಳಿ, ದಾಡಿಮಗ್ರಾಮ ಈಗಿನ ದಾಳಿಂಬ. ಸೋಲಾಪುರ ರಸ್ತೆಯಲ್ಲಿ ಊರಿಗೆ ಹೋಗುವ ಬಸ್ಸಿನಲ್ಲಿ ಕೂತರೆ ಹಡಪಸರ ದಾಟಿದ ಮೇಲೆ ಉರುಳಿಯ ಫಲಕ ಕಾಣುತ್ತದೆ. ಅದು ಸಾವಿರದಿನ್ನೂರು ವರ್ಷ ದಾಟಿದ ಹೆಸರು ಎಂಬುದು ಆ ದಾರಿಯಲ್ಲಿ ನಿದ್ದೆಗಣ್ಣಿನಲ್ಲಿ ಹೋಗಿಬರುವ ನಮಗೆ ಹೊಳೆಯುವುದಿಲ್ಲ.

ಆ ತಾಮ್ರಪಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆಯೇ. ಅದನ್ನು ಹೊರಡಿಸಿದ್ದು ಪುಣೆಯಿಂದಲ್ಲ, ಎಲ್ಲೋರದಿಂದಲೂ ಅಲ್ಲ. ಆಗ ಕೃಷ್ಣ ಗಂಗರ ಮೇಲೆ ದಂಡೆತ್ತಿ ಹೋಗಿ ಅವರ ಮಾನ್ಯನಗರದಲ್ಲಿ ಬೀಡುಬಿಟ್ಟಿದ್ದ. ಮಾನ್ಯನಗರವೆಂದರೆ ಈಗಿನ ಮಣ್ಣೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿನಲ್ಲಿ ಪಾಳುಗುಡಿಗಳ ನಡುವೆ ಕೂತಿರುವ ಹಳ್ಳಿ. ಪುಣೆಯ ಹೆಸರನ್ನು ದಾಖಲಿಸಿದ ಅತ್ಯಂತ ಹಳೆಯ ಪತ್ರಗಳಲ್ಲಿ ಒಂದು ಹುಟ್ಟಿದ್ದು ಬೆಂಗಳೂರಿನ ಮಗ್ಗುಲಿನಲ್ಲಿ!

ಅದೇ ಕೃಷ್ಣನ ಕಾಲದಲ್ಲಿ ಎಲ್ಲೋರದ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಕೈಲಾಸ ಮಾಡಿದರು. ಪುಣೆಯ ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ ಗುಹಾಲಯವೂ ರಾಷ್ಟ್ರಕೂಟರ ಶತಮಾನದ್ದೇ. ಬದಿಯಲ್ಲಿ ವಾಹನಗಳ ಗದ್ದಲ. ನಾಲ್ಕು ಹೆಜ್ಜೆ ಒಳಗಿಟ್ಟರೆ ನೆಲದಿಂದ ಕೆಳಗೆ ಕಪ್ಪು ಬಸಾಲ್ಟ್ ಬಂಡೆಯ ಅಂಗಳ, ನಡುವೆ ಕೊಡೆಯಂತೆ ದುಂಡನೆಯ ನಂದಿಮಂಟಪ. ಗರ್ಭಗುಡಿಯ ಸುತ್ತ ಕೆಲಸ ಪೂರ್ತಿಯಾಗದೆ ಉಳಿದಿದೆ; ಉಳಿಯ ಗೆರೆಗಳು ಹಾಗೇ ಇವೆ. ನಗರದ ಅತ್ಯಂತ ಹಳೆಯ ಕಟ್ಟಡ ಇದು. ದಿನವೂ ಸಾವಿರಾರು ಜನ ಇದರ ಮುಂದೆ ಹಾದುಹೋಗುತ್ತಾರೆ.

9ನೇ ಶತಮಾನದಲ್ಲಿ ಅರಬ್ ವರ್ತಕ ಸುಲೈಮಾನ ಲೋಕದ ನಾಲ್ವರು ದೊಡ್ಡ ದೊರೆಗಳನ್ನು ಎಣಿಸುವಾಗ ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ಸಾಮ್ರಾಟರ ಜೊತೆಗೆ 'ಬಲ್ಹರಾ'ನನ್ನೂ ಹೆಸರಿಸಿದ. ವಲ್ಲಭರಾಜ ಎಂಬುದು ಅರಬ್ಬರ ನಾಲಿಗೆಯಲ್ಲಿ ಬಲ್ಹರಾ ಆಗಿತ್ತು. ಅವನು ನಮ್ಮ ಮಾನ್ಯಖೇಟದ ರಾಷ್ಟ್ರಕೂಟ ದೊರೆ. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಗೆ ಇಟ್ಟದ್ದೂ ಆ ಶತಮಾನದಲ್ಲೇ. ಪುಣೆ ಗೋದಾವರಿಯ ಈಚೆಗೇ ಇದೆ. ಇದನ್ನು ಗಡಿ ಜಗಳದ ಅಸ್ತ್ರ ಮಾಡಿಕೊಳ್ಳಬೇಕಿಲ್ಲ. ಅಂದಿನ ಗಡಿ ಅಂದಿನದು. ಒಂದು ಸೀಮೆಯಲ್ಲಿ ಎರಡು ನುಡಿಗಳು ಕೂಡಿ ಬದುಕಿದ್ದವು ಎಂಬುದಷ್ಟೇ ಇದರಿಂದ ಕಲಿಯಬೇಕಾದ ಪಾಠ.

ಒಂದೇ ದಾರಿಯಲ್ಲಿ ಪಾಲಕಿ, ಒಂದೇ ದಾರಿಯಲ್ಲಿ ದಂಡು

ಭೋಸರಿಯಿಂದ ಆಳಂದಿ ಹತ್ತು ಕಿಲೋಮೀಟರಿನೊಳಗೆ ಇದೆ. 1296ರಲ್ಲಿ ಜ್ಞಾನೇಶ್ವರರು ಸಮಾಧಿಯಾದ ಊರು ಅದು. ಪ್ರತಿ ವರ್ಷ ಜ್ಯೇಷ್ಠದಲ್ಲಿ ಅವರ ಪಾಲಕಿ ಪಂಢರಪುರಕ್ಕೆ ಹೊರಡುವಾಗ ನಮ್ಮ ಮಗ್ಗುಲಿನ ದಿಘಿಯ ಮೇಲೆ ಹಾಯ್ದು ಪುಣೆ ಸೇರುತ್ತದೆ. ರಸ್ತೆಯ ಇಬ್ಬದಿ ನಿಂತು ವಾರಕರಿಗಳಿಗೆ ನೀರು, ಬಾಳೆಹಣ್ಣು ಕೊಡುವವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಕನ್ನಡದ ಹೆಂಗಸರೂ ಇರುತ್ತಾರೆ. ಅವರಿಗೆ ಅದು ಪರರ ಹಬ್ಬವಲ್ಲ. ಜ್ಞಾನೇಶ್ವರರ ಹೆಸರಿನ ಪ್ರಸಿದ್ಧ ಅಭಂಗವೊಂದು ವಿಠ್ಠಲನನ್ನು ಕನ್ನಡಿಗನೆಂದೇ ಕರೆದಿದೆ. ನಮ್ಮ ಹರಿದಾಸರಲ್ಲಿ ಹಲವರು ತಮ್ಮ ಅಂಕಿತವನ್ನು ಆ ವಿಠಲನಿಗೇ ಒಪ್ಪಿಸಿದ್ದಾರೆ. ಪುರಂದರದಾಸರ ಹುಟ್ಟೂರು ಪುಣೆಯ ದಕ್ಷಿಣದ ಪುರಂದರಗಡವೆಂದು ಒಂದು ಪರಂಪರೆ ನಂಬಿದರೆ, ತೀರ್ಥಹಳ್ಳಿ ಸೀಮೆಯೆಂದು ಇನ್ನೊಂದು ವಾದಿಸುತ್ತದೆ. ಒಬ್ಬ ದಾಸರನ್ನು ಎರಡು ನಾಡುಗಳು ತಮ್ಮವರೆಂದು ಎಳೆದುಕೊಳ್ಳುವುದು ಎಂಥ ಭಾಗ್ಯ!

ಆದರೆ ದಾರಿ ಪಾಲಕಿಯನ್ನು ಮಾತ್ರ ಹೊರಲಿಲ್ಲ. 1630ರ ಸುಮಾರಿಗೆ ವಿಜಯಪುರದ ಆದಿಲಶಾಹಿ ಸರದಾರ ಮುರಾರ ಜಗದೇವ ಪುಣೆಯನ್ನು ಸುಟ್ಟು, ಕತ್ತೆಗಳನ್ನು ಕಟ್ಟಿದ ನೇಗಿಲಿನಿಂದ ನೆಲವನ್ನು ಉಳುಮೆ ಮಾಡಿಸಿದನೆಂದು ಹೇಳುತ್ತಾರೆ. ಆ ಶಾಪ ಕಳೆಯಲೆಂದು ಜೀಜಾಬಾಯಿ, ಬಾಲಕ ಶಿವಾಜಿಯ ಕೈಯಿಂದ ಅದೇ ನೆಲದಲ್ಲಿ ಬಂಗಾರದ ನೇಗಿಲು ಹೂಡಿಸಿದಳೆಂಬ ಕಥೆ ಪುಣೆಯ ಮಕ್ಕಳಿಗೆಲ್ಲ ಬಾಯಿಪಾಠ. ಆಗ ಶಿವಾಜಿಯ ತಂದೆ ಶಹಾಜಿ ಎಲ್ಲಿದ್ದ? 1638ರಲ್ಲಿ ಆದಿಲಶಾಹಿ ಸೇನೆ ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಗೆದ್ದಾಗ ಅದು ಶಹಾಜಿಗೆ ಜಹಗೀರಾಗಿ ಬಂತು. ಪುಣೆಯೂ ಅವನದೇ ಜಹಗೀರು. ಇವತ್ತು ಐಟಿಗಾಗಿ ಒಂದರೊಡನೆ ಒಂದು ಪೈಪೋಟಿಗಿಳಿದ ಈ ಎರಡು ನಗರಗಳು ಒಂದು ಕಾಲಕ್ಕೆ ಒಬ್ಬನೇ ಸರದಾರನ ಎರಡು ಮನೆಗಳಾಗಿದ್ದವು. 1664ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ತೀರಿಕೊಂಡ ಶಹಾಜಿಯ ಸಮಾಧಿ ಇರುವುದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಪುಣೆಯ ಭಾಗ್ಯ ಬದಲಿಸಿದ ಮಗನ ತಂದೆ ಕನ್ನಡದ ಮಣ್ಣಿನಲ್ಲಿ ಮಲಗಿದ್ದಾನೆ.

1730ರ ಜನವರಿ 10ರಂದು ಪೇಶ್ವೆ ಒಂದನೆಯ ಬಾಜೀರಾಯ ಶನಿವಾರವಾಡಕ್ಕೆ ಅಡಿಗಲ್ಲು ಹಾಕಿದ ಮೇಲೆ ಪುಣೆ ಒಂದು ಸಾಮ್ರಾಜ್ಯದ ಮಿದುಳಾಯಿತು. 1758ರಲ್ಲಿ ಮರಾಠ ಕುದುರೆಗಳು ಸಿಂಧೂ ದಂಡೆಯ ಅಟಕ್ ಮುಟ್ಟಿದವು. 1761ರ ಪಾಣಿಪತದಲ್ಲಿ ಮನೆಮನೆಯ ಮಕ್ಕಳು ಸತ್ತರು. 1786ರಿಂದ ಇಂಗ್ಲಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್ ಇಲ್ಲಿ ಬೀಡುಬಿಟ್ಟ. 1790ರಲ್ಲಿ ಟಿಪ್ಪುವಿನ ವಿರುದ್ಧ ಒಪ್ಪಂದಕ್ಕೆ ಸಹಿ ಬಿದ್ದದ್ದು ಈ ಊರಿನಲ್ಲೇ. ಅದರ ಬೆಲೆ ತೆತ್ತದ್ದು ಕನ್ನಡ ನಾಡು: ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ, 1791ರಲ್ಲಿ ಮರಾಠ ದಂಡಿನ ಜೊತೆ ಬಂದ ಪಿಂಡಾರಿಗಳಿಂದ ಶೃಂಗೇರಿ ಮಠದ ಲೂಟಿ. ಮಠ ಮತ್ತೆ ಎದ್ದು ನಿಲ್ಲಲು ಟಿಪ್ಪು ನೆರವು ಕಳಿಸಿದ. ಅವನ ಕನ್ನಡ ಪತ್ರಗಳು ಉಳಿದಿವೆ. ಪುಣೆಯನ್ನು ಪ್ರೀತಿಸುವ ಕನ್ನಡಿಗ ಈ ಪುಟವನ್ನು ಮಗುಚಿ ಮುಂದೆ ಹೋಗಬಾರದು. ಒಂದು ನಗರ ದೊಡ್ಡದಾಗುವಾಗ ಅದರ ಭಾರ ಯಾರದೋ ಬೆನ್ನ ಮೇಲೆ ಬೀಳುತ್ತದೆ. ಅದನ್ನು ಮರೆತರೆ ಮಹತ್ವದ ಮಾತು ಬರೀ ಹೊಗಳಿಕೆಯಾಗುತ್ತದೆ.

ಓದಲು ಬಂದವರು, ಹಾಡಲು ಬಂದವರು

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು. ಹತ್ತು ವರ್ಷದಲ್ಲಿ ಶನಿವಾರವಾಡ ಬೆಂಕಿಗೆ ಆಹುತಿಯಾಯಿತು. ಅರಮನೆ ಹೋದ ಊರು ಶಾಲೆ ಕಟ್ಟಿತು. 1848ರಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ಭಿಡೆವಾಡದಲ್ಲಿ ಹೆಣ್ಣುಮಕ್ಕಳಿಗೆ ತೆರೆದ ಶಾಲೆ ಈ ನಗರದ ನಿಜವಾದ ಕೋಟೆ ಎಂದು ನಾನು ನಂಬುತ್ತೇನೆ. 1885ರಲ್ಲಿ ಫರ್ಗ್ಯುಸನ್ ಕಾಲೇಜು ಶುರುವಾಯಿತು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಆಗ ಮುಂಬಯಿ ಪ್ರಾಂತ್ಯದ ಪಾಲು. 1917ರಲ್ಲಿ ಕರ್ನಾಟಕ ಕಾಲೇಜು ಬರುವವರೆಗೆ ಧಾರವಾಡದ ಹುಡುಗ ಬಿ.ಎ. ಓದಬೇಕೆಂದರೆ ಗಂಟುಮೂಟೆ ಕಟ್ಟಿ ಹೊರಡುವುದು ಹೆಚ್ಚಾಗಿ ಪುಣೆಗೇ.

ಹಾಗೆ ಬಂದವರಲ್ಲಿ ಆಲೂರು ವೆಂಕಟರಾಯರು ಒಬ್ಬರು. ಫರ್ಗ್ಯುಸನ್ನಿನಲ್ಲಿ ಓದಿದರು, ಟಿಳಕರ ಪುಣೆಯ ಕಾವನ್ನು ಕಂಡರು, ಮುಂದೆ ಟಿಳಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. ಮರಾಠಿಗರಿಗೆ ತಮ್ಮ ಚರಿತ್ರೆಯ ಮೇಲಿದ್ದ ಹೆಮ್ಮೆಯನ್ನು ಹತ್ತಿರದಿಂದ ನೋಡಿದ ಅವರು ಕನ್ನಡಿಗರಿಗೆ ಆ ಹೆಮ್ಮೆ ಯಾಕಿಲ್ಲ ಎಂದು ಕೊರಗಿದರು. ಆ ಕೊರಗಿನ ಫಲ 1917ರ 'ಕರ್ನಾಟಕ ಗತವೈಭವ'. ಕರ್ನಾಟಕ ಏಕೀಕರಣದ ಕಿಡಿ ಹೊತ್ತಿದ ಒಲೆಗಳಲ್ಲಿ ಪುಣೆಯೂ ಒಂದು. ಬೇಂದ್ರೆಯವರು 1918ರಲ್ಲಿ ಫರ್ಗ್ಯುಸನ್ನಿನಿಂದ ಬಿ.ಎ. ಮಾಡಿದರು, ಅವರು ಕನ್ನಡದಷ್ಟೇ ಸಲೀಸಾಗಿ ಮರಾಠಿಯಲ್ಲೂ ಬರೆದರು. ಗೋಕಾಕರು ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು. ಗಿರೀಶ ಕಾರ್ನಾಡರು 1974-75ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದರು. ಕನ್ನಡದ ಜ್ಞಾನಪೀಠಗಳಲ್ಲಿ ಮೂರು ಈ ಊರಿನ ನೀರು ಕುಡಿದಿವೆ.

1917ರಲ್ಲಿ ಹುಟ್ಟಿದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ ಸುಮಾರು ಅರ್ಧ ಶತಮಾನ ಒಂದೇ ಕೆಲಸದಲ್ಲಿ ಕೂತಿತು. ದೇಶದ ಮೂಲೆಮೂಲೆಯ ಲಿಪಿಗಳ ಹಸ್ತಪ್ರತಿಗಳನ್ನು ಸಾಲುಸಾಲು ಹೋಲಿಸಿ ಮಹಾಭಾರತದ ಪರಿಷ್ಕೃತ ಆವೃತ್ತಿ ಸಿದ್ಧಪಡಿಸಿ, 1966ರಲ್ಲಿ ಮುಗಿಸಿತು. ಇವತ್ತು ಜಗತ್ತಿನ ಯಾವ ವಿಶ್ವವಿದ್ಯಾಲಯದಲ್ಲಿ ಯಾರು ಮಹಾಭಾರತದ ಬಗ್ಗೆ ಬರೆದರೂ ಪುಣೆಯ ಈ ಪಾಠವನ್ನು ಎದುರಿಗಿಟ್ಟುಕೊಂಡೇ ಬರೆಯಬೇಕು.

ಹಾಡಿನ ಮಾತು ಬಂದರೆ ಕುಂದಗೋಳದಿಂದಲೇ ಹೊರಡಬೇಕು. ಅಲ್ಲಿಯ ರಾಮಭಾವು ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವರಾದರು. 1952ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಗದಗಿನ ಭೀಮಸೇನ ಜೋಶಿ ಗುರುವಿನ ನೆನಪಿಗೆ ಮರುವರ್ಷವೇ ಇಲ್ಲಿ ಸಂಗೀತೋತ್ಸವ ಶುರುಮಾಡಿದರು. ಇವತ್ತು ಹಿಂದುಸ್ತಾನಿ ಸಂಗೀತದ ಜಗತ್ತಿನಲ್ಲಿ ಡಿಸೆಂಬರ್ ಅಂದರೆ ಪುಣೆಯ ಸವಾಯಿ ಗಂಧರ್ವ. ಮರಾಠಿ ಅಭಂಗವನ್ನೂ ಕನ್ನಡದ ದಾಸರ ಪದವನ್ನೂ ಒಂದೇ ಉಸಿರಿನಲ್ಲಿ ಹಾಡುತ್ತಿದ್ದ ಭೀಮಸೇನರು 2008ರಲ್ಲಿ ಭಾರತರತ್ನರಾದರು. ಪುಣೆ ಅವರನ್ನು ತನ್ನ ಮಗನೆಂದಿತು, ಗದಗವೂ ಅಂದಿತು. ಎರಡೂ ನಿಜ. ನಗರದಲ್ಲಿ ಕನ್ನಡ ಸಂಘ ಇದೆ. ಅದು ಕಟ್ಟಿದ ಕಾವೇರಿ ವಿದ್ಯಾಸಂಸ್ಥೆಗಳಲ್ಲಿ ಮರಾಠಿ ಮನೆಗಳ ಮಕ್ಕಳೂ ಓದುತ್ತಾರೆ. ಬಂದವರು ಪಡೆದದ್ದನ್ನು ತಿರುಗಿ ಕೊಟ್ಟ ಬಗೆ ಅದು.

ಪ್ಲೇಗಿನ ಊರು, ಲಸಿಕೆಯ ಊರು

1897ರಲ್ಲಿ ಪುಣೆ ಪ್ಲೇಗಿಗೆ ನಲುಗಿತು. ರೋಗಿಗಳನ್ನು ಎತ್ತಿ ತರುತ್ತಿದ್ದ ಸಾವಿತ್ರಿಬಾಯಿ ಫುಲೆ ಆ ಮಾರ್ಚ್ 10ರಂದು ತಾವೇ ಪ್ಲೇಗಿಗೆ ಬಲಿಯಾದರು. ಅಂಥ ಊರು ಮುಂದೆ ಜಗತ್ತಿಗೆ ಮದ್ದು ಮಾಡುವ ಊರಾಯಿತು. 1954ರಲ್ಲಿ ಭೋಸರಿಯ ನೆರೆಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಸರ್ಕಾರವೇ ಪೆನಿಸಿಲಿನ್ ಮಾಡಲು ಕಟ್ಟಿದ ಕಾರ್ಖಾನೆ ಅದು. ಶಿಲೀಂಧ್ರ ರೋಗಗಳಿಗೆ ಹ್ಯಾಮೈಸಿನ್ ಎಂಬ ಔಷಧ ಹುಟ್ಟಿದ್ದು ಅದರ ಪ್ರಯೋಗಾಲಯದಲ್ಲೇ. ಆ ಹೆಸರಿನ ಮೊದಲ ಅಕ್ಷರಗಳೇ ಕಾರ್ಖಾನೆಯ ಗುರುತು. ಆ ಸಂಶೋಧನೆಯ ಮುಂದಾಳು ಮಂಡಯಂ ಮನೆತನದ ಎಂ.ಜೆ. ತಿರುಮಲಾಚಾರ್.

ಇನ್ನೊಂದು ನೆನಪು ಮಲೆನಾಡಿನದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಕಾಡಿಗೆ ಸೌದೆ, ದರಕಿಗೆ ಹೋದವರು ಜ್ವರದಿಂದ ಹಾಸಿಗೆ ಹಿಡಿದರು. ಅದು ಏನೆಂದು ಹೇಳಿದ್ದು ಪುಣೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಇಲ್ಲಿ ಕಟ್ಟಿದ್ದ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನು ಬೇರ್ಪಡಿಸಿ, ಅದು ಉಣ್ಣೆಯಿಂದ ಹರಡುತ್ತದೆ ಎಂದು ತೋರಿಸಿದರು. ಮಲೆನಾಡಿನ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಹೋದದ್ದು ಪುಣೆಯ ಆ ಪ್ರಯೋಗಾಲಯದ ಮೂಲಕ. ಅದೇ ಕೇಂದ್ರ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಕೊರೊನಾ ಬಂದಾಗ ದೇಶದ ಮೊದಲ ಮಾದರಿಗಳು ಪರೀಕ್ಷೆಗೆ ಹೋದದ್ದು ಅಲ್ಲಿಗೇ.

ಕುದುರೆಯ ರಕ್ತದಿಂದ ಪ್ರತಿವಿಷ ತೆಗೆಯುವ ಕೆಲಸದಿಂದ 1966ರಲ್ಲಿ ಶುರುವಾದ ಸೀರಂ ಇನ್‌ಸ್ಟಿಟ್ಯೂಟ್ ಇಂದು ಡೋಸುಗಳ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಲಸಿಕೆ ತಯಾರಕ. 2021ರ ಜನವರಿ 12ರ ನಸುಕಿನಲ್ಲಿ ಅದರ ಗೇಟಿನಿಂದ ಕೋವಿಶೀಲ್ಡ್ ತುಂಬಿದ ಮೊದಲ ಲಾರಿಗಳು ಹೊರಟವು. ಆ ಲಸಿಕೆ ಬೆಂಗಳೂರನ್ನೂ ತಲುಪಿತು, ಆಫ್ರಿಕಾದ ಹಳ್ಳಿಗಳನ್ನೂ ತಲುಪಿತು. ನಮ್ಮ ಭೋಸರಿಯ ಎಂಐಡಿಸಿಯೊಳಗೇ 1992ರಿಂದ ಏಡ್ಸ್ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆ ಇದೆ. ಲೇಥ್ ಶಾಪ್‌ಗಳ ಸಾಲಿನಲ್ಲಿ ಜಗತ್ತಿನ ದೊಡ್ಡ ರೋಗವೊಂದರ ಎದುರು ಕೆಲಸ ನಡೆಯುತ್ತಿರುತ್ತದೆ.

ಭೋಸರಿಯ ಶಾಸನ

ಊರಿನ ಹಿರಿಯರು ಭೋಸರಿಯ ಹಳೆಯ ಹೆಸರು ಭೋಜಾಪುರ ಎನ್ನುತ್ತಾರೆ. ಭೈರವನಾಥನ ಗುಡಿ, ಜಾತ್ರೆ, ಕುಸ್ತಿಯ ಹಳ್ಳಿ ಅದು. 1960ರ ದಶಕದಲ್ಲಿ ಎಂಐಡಿಸಿ ಬಂತು. ಟೆಲ್ಕೊ, ಬಜಾಜ್ ಸುತ್ತಮುತ್ತ ಎದ್ದವು. ಅವುಗಳಿಗೆ ಬೋಲ್ಟು, ಬುಷ್, ಗೇರು, ಪಿನ್ನು ಮಾಡಿಕೊಡುವ ಸಣ್ಣ ಘಟಕಗಳು ಭೋಸರಿಯ ಬೀದಿಗಳನ್ನು ತುಂಬಿದವು. 1972ರ ಬರದಲ್ಲಿ ಹೊಲ ಬಿರಿದಾಗ ನಮ್ಮ ಕಡೆಯವರು "ಪುಣೇಕ ದುಡಿಯಾಕ" ಎಂದು ಗಂಟು ಕಟ್ಟಿದರು. ಮೊದಲು ಬಂದವರು ಮಣ್ಣು ಹೊತ್ತರು; ಅವರ ಮಕ್ಕಳು ಹೆಲ್ಪರ್ ಆದರು; ಮೊಮ್ಮಕ್ಕಳು ಐಟಿಐ ಮಾಡಿ ಯಂತ್ರದ ಮುಂದೆ ನಿಂತರು. 1982ರಲ್ಲಿ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯಾಯಿತು. ಹಳ್ಳಿ ನಗರವಾದ ಆ ಕಥೆಯಲ್ಲಿ ಇವರ ಹೆಸರು ಎಲ್ಲೂ ಬರೆದಿಲ್ಲ.

ಅದಕ್ಕೇ ಕಾರ್ಲೆಯ ಗೋಡೆಯ ಮುಂದೆ ಗೆಳೆಯರು ಕೇಳಿದ ಎರಡನೆಯ ಪ್ರಶ್ನೆ ನನ್ನನ್ನು ಚುಚ್ಚಿತು. "ರೊಕ್ಕ ಕೊಟ್ಟಾಂವನ ಹೆಸರು ಐತಿ. ಕೆಲಸ ಮಾಡಿದಾಂವನ ಹೆಸರು?"

ಅದೂ ಇದೆ. ಬಾಗಿಲಿನ ಬಳಿ ಒಂದು ಪುಟ್ಟ ಬರಹ: ಈ ಮನೆಯ ಬಾಗಿಲನ್ನು ಮಾಡಿದವನು ವೇಣುವಾಸನ ಮಗ, ಬಡಗಿ ಸಾಮಿ. ಸೆಟ್ಟಿಯ ಹೆಸರು ಉಳಿದ ಗುಹೆಯಲ್ಲೇ ಬಡಗಿಯ ಹೆಸರೂ ಎರಡು ಸಾವಿರ ವರ್ಷ ಉಳಿದಿದೆ. ಗೆಳೆಯರು ಆ ಅಕ್ಷರಗಳನ್ನು ಓದಲಾರರು, ನಾನೂ ಓದಲಾರೆ. ಆದರೂ ಇಬ್ಬರೂ ಬಹಳ ಹೊತ್ತು ನಿಂತು ನೋಡಿದೆವು.

ಮರುದಿನ ಶುಕ್ರವಾರ, ಮೊದಲ ಶಿಫ್ಟ್. ಅವರ ಯಂತ್ರದ ಪಕ್ಕ ಸ್ವಲ್ಪ ಹೊತ್ತು ನಿಂತಿದ್ದೆ. ಹಾಲಿನಂಥ ಕೂಲಂಟ್ ಕೆಳಗೆ ಉಕ್ಕಿನ ತುಂಡು ತಿರುಗುತ್ತಿತ್ತು. ಬಾಗಿಲು ತೆರೆಯಿತು. ಅವರು ಜಾಬನ್ನು ತೆಗೆದು ಬಟ್ಟೆಯಿಂದ ಒರೆಸಿ, ಮೈಕ್ರೋಮೀಟರಿನ ಬಾಯಿಗೆ ಕೊಟ್ಟು, ತುದಿಬೆರಳಿನಿಂದ ಗುಂಡಿ ತಿರುಗಿಸಿ ಅಳತೆ ಓದಿದರು. ಕೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲು ತಪ್ಪಿದರೂ ಅದು ರಿಜೆಕ್ಟ್. ಈ ಪಿನ್ನು ಯಾವುದೋ ದೇಶದ ಟ್ರ್ಯಾಕ್ಟರಿನೊಳಗೆ ಕೂತು, ನಾವು ಯಾರೂ ನೋಡದ ಹೊಲವನ್ನು ಉಳುತ್ತದೆ. ಅಳತೆ ಸರಿಯಿತ್ತು. ಅವರು ಉಕ್ಕಿನ ಪಂಚ್ ಎತ್ತಿಕೊಂಡು ಜಾಬಿನ ತುದಿಗಿಟ್ಟು, ಸುತ್ತಿಗೆಯಿಂದ ಒಂದು ಏಟು ಹಾಕಿದರು. ಒಂದು ಅಕ್ಷರ, ಎರಡು ಅಂಕಿ. ಈ ತುಂಡನ್ನು ಮಾಡಿದವರು ಯಾರೆಂದು ಆಮೇಲೆ ತಿಳಿಯಲು ಹಾಕುವ ಆಪರೇಟರ್ ಗುರುತು.

"ಇದ ನನ್ನ ಶಾಸನ ನೋಡ್ರಿ" ಎಂದು ಅವರು ಅದನ್ನು ನನ್ನ ಅಂಗೈಯಲ್ಲಿಟ್ಟರು. ತುಂಡು ಇನ್ನೂ ಬೆಚ್ಚಗಿತ್ತು. ಅದನ್ನು ತಿರುಗಿ ಕೊಟ್ಟೆ. ಅವರು ಡಿಸ್ಪ್ಯಾಚ್‌ನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದರು. ಬನವಾಸಿಯಿಂದ ಕಾರ್ಲೆಗೆ ಬಂದ ದಾರಿ ಆ ಪೆಟ್ಟಿಗೆಯೊಳಗಿಂದ ಮುಂದಕ್ಕೆ ಹೊರಟಿತ್ತು.